ಕಲ್ಲಿಗೆ ಸ್ನಾನ

ಈಜುಕೊಳದ ನೀರು ಶುದ್ಧ ಮಾಡುವ ಸೆಲ್ಲು ಬಿಚ್ಚುವ ಕೆಲಸದಲ್ಲಿ ರಘುನಾಥನಿಗೆ ಯಾವಾಗಲೂ ಒಂದು ಬಗೆಯ ಸಮಾಧಾನ ಸಿಗುತ್ತಿತ್ತು. ಇವತ್ತು ಸಿಗಲಿಲ್ಲ. ಪಂಪು ನಿಲ್ಲಿಸಿ, ಮೇನ್ ಸ್ವಿಚ್ ಇಳಿಸಿ, ಪೈಪಿನ ಎರಡೂ ಕಡೆಯ ತಿರುಪುಗಳನ್ನು ಕೈಯಿಂದಲೇ ಸಡಿಲಿಸಿ, ಗಾಜಿನಂತೆ ಕಾಣುವ ಆ ದಪ್ಪ ಪ್ಲಾಸ್ಟಿಕ್ ಕೊಳವೆಯನ್ನು ಹೊರಗೆಳೆದು ಬಿಸಿಲಿಗೆ ಹಿಡಿದ. ಒಳಗೆ ಒತ್ತೊತ್ತಾಗಿ ನಿಂತ ತಗಡುಗಳ ನಡುವೆ ಬಿಳಿಯ ಸುಣ್ಣ ಕಟ್ಟಿಕೊಂಡಿತ್ತು, ಹಂಡೆಯ ತಳದಲ್ಲಿ ಕಟ್ಟುವ ಹಾಗೆ. ಬೋರಿನ ಗಡಸು ನೀರಿಗೆ ಇದು ಇದ್ದದ್ದೇ. ಕೊಳದ ನೀರಿನಲ್ಲಿ ಉಪ್ಪು ಕರಗಿರುತ್ತದೆ, ಬಾಯಿಗೆ ಹೋದರೆ ಕಣ್ಣೀರಿಗಿಂತ ಕಡಿಮೆ ಉಪ್ಪು. ಆ ನೀರು ಈ ತಗಡುಗಳ ನಡುವೆ ಹಾಯುವಾಗ ಕರೆಂಟು ಅದನ್ನು ಒಡೆದು ಕ್ಲೋರಿನ್ ಮಾಡುತ್ತದೆ, ಕ್ಲೋರಿನ್ ನೀರನ್ನು ಶುದ್ಧ ಮಾಡಿ ಮತ್ತೆ ಉಪ್ಪಾಗುತ್ತದೆ. ಹಾಕಿದ ಉಪ್ಪು ಎಲ್ಲಿಗೂ ಹೋಗುವುದಿಲ್ಲ, ಅದರೊಳಗೇ ತಿರುಗುತ್ತಿರುತ್ತದೆ ಎಂಬುದನ್ನು ಅವನು ಮನೆಗೆ ಬಂದವರಿಗೆಲ್ಲ ಹೇಳಿ ಹೇಳಿ ಹೆಂಡತಿಯಿಂದ ನಗೆಯಾಡಿಸಿಕೊಂಡಿದ್ದ. ನೀರಾವರಿ ಇಲಾಖೆಯಲ್ಲಿ ಎಂಜಿನಿಯರಾಗಿ ನಾಲೆ, ತೂಬು, ರೈತರ ಜಗಳಗಳ ನಡುವೆ ಸರ್ವೀಸು ಮುಗಿಸಿದವನಿಗೆ ಹೇಳಿದ ಮಾತು ಕೇಳುವ ನೀರು ಸಿಕ್ಕಿದ್ದು ನಿವೃತ್ತಿಯಾದ ಮೇಲೆಯೇ. ನ್ಯಾಮತಿಯಲ್ಲಿ, ಸವಳಂಗ ರಸ್ತೆಯ ಈ ಮನೆಯ ಹಿಂದೆ, ಅವನಿಗೆಂದೇ ಇದ್ದ ನೀರು.

ಬಕೀಟಿಗೆ ಮೊದಲು ನೀರು, ಆಮೇಲೆ ಆಸಿಡ್ಡು. ಹಿಂದುಮುಂದಾದರೆ ಮುಖಕ್ಕೆ ಸಿಡಿಯುತ್ತದೆ. ಸೆಲ್ಲನ್ನು ಅದರೊಳಗೆ ಇಳಿಬಿಟ್ಟಾಗ ಸೊಂಯ್ ಎಂದು ನೊರೆ ಎದ್ದಿತು. ಸುಣ್ಣ ಇರುವವರೆಗೆ ನೊರೆ. ಸುಣ್ಣ ಕರಗಿ ಮುಗಿದ ಮೇಲೆ ಸದ್ದು ತಾನಾಗಿ ನಿಲ್ಲುತ್ತದೆ. ಇನ್ನು ತೊಳೆಯುವುದು ಏನೂ ಉಳಿದಿಲ್ಲ ಎಂದು ಹೀಗೆ ಸದ್ದೇ ನಿಂತು ತಿಳಿಸುವುದು ಅವನಿಗೆ ಇಷ್ಟವಾಗಿತ್ತು. ಅವನು ಸ್ಟೂಲಿನ ಮೇಲೆ ಕುಳಿತು ಆ ಸದ್ದು ನಿಲ್ಲುವುದನ್ನೇ ಕಾದ. ಹಿಂದಿನಿಂದ ಹೆಂಡತಿ ಯಶೋಧರಾ ಟೀ ಲೋಟ ಹಿಡಿದು ಬಂದು ನಿಂತಿದ್ದು ಅವನಿಗೆ ಗೊತ್ತಾಗಲಿಲ್ಲ.

“ಇವತ್ತಾದ್ರೂ ಜಗಳೂರಿಗೆ ಹೋಗ್ತೀರೋ, ಇಲ್ಲೋ?”

“ಇದೊಂದು ಮುಗೀಲಿ. ಅಣ್ಣ ಬಂದಾಗ ನೀರು ಸರಿ ಇರಬೇಕಲ್ಲ.”

“ಅವತ್ತೂ ನೀರು ಸರೀನೇ ಇತ್ತು ರೀ,” ಎಂದು ಯಶೋಧರಾ ಲೋಟವನ್ನು ಕಟ್ಟೆಯ ಮೇಲಿಟ್ಟು ಒಳಗೆ ಹೋದಳು. ಕತ್ತಲಗೆರೆಯ ಶಾಲೆಯಲ್ಲಿ ವರ್ಷಗಟ್ಟಲೆ ಟೀಚರಾಗಿದ್ದವಳು. ತಪ್ಪು ಬರೆದ ಹುಡುಗನಿಗೆ ಹೊಡೆಯದೆ, ತಪ್ಪಿನ ಕೆಳಗೆ ಸಣ್ಣ ಗೆರೆ ಎಳೆದು ಪಾಟಿ ವಾಪಸು ಕೊಡುತ್ತಿದ್ದಳಂತೆ.

ಅಣ್ಣ ತಿಪ್ಪೇಶಪ್ಪ ಬಂದದ್ದು ದಸರೆ ಕಳೆದ ಮೇಲೆ. ಮೊಣಕಾಲು ಸವೆದಿದೆ, ನೀರಿನೊಳಗೆ ನಡೆದರೆ ಭಾರ ಬೀಳುವುದಿಲ್ಲ, ದಿನಾ ನಡೆಯದಿದ್ದರೆ ಮುಂದೆ ಹಾಸಿಗೆಯೇ ಗತಿ ಎಂದು ದಾವಣಗೆರೆಯ ಡಾಕ್ಟರು ಹೇಳಿದಾಗ ಅಣ್ಣ ನಕ್ಕು, “ಜಗಳೂರಾಗೆ ಕುಡಿಯಾಕೇ ನೀರು ನೋಡ್ಕಂಡು ಬಿಡ್ತಾರೆ, ನಡಿಯಾಕೆ ಎಲ್ಲಿಂದ ತರ್ಲಿ ಸ್ವಾಮಿ” ಅಂದಿದ್ದನಂತೆ. ಸುದ್ದಿ ತಿಳಿದ ರಘುನಾಥ ತಾನೇ ಹೋಗಿ ಕರೆತಂದಿದ್ದ. ತಿಂಗಳು ಇರು, ಎರಡು ತಿಂಗಳು ಇರು, ಈ ಕೊಳ ಮತ್ತೆ ಯಾಕಿರೋದು ಎಂದಿದ್ದ. ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಬಂದ ದಿನ ತಿಪ್ಪೇಶಪ್ಪ ಕೊಳದ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಪಂಪಿನ ಗೂಡಿನಲ್ಲಿ ಪೇರಿಸಿದ್ದ ಉಪ್ಪಿನ ಚೀಲಗಳನ್ನು ಕಂಡು ನಿಂತ. “ನೀರಿಗೆ ಉಪ್ಪಾ? ನಾವು ಕುರಿಗೆ ನೆಕ್ಕಾಕೆ ಇಡ್ತೀವಿ, ನೀನು ನೀರಿಗೇ ಇಡ್ತೀಯಲ್ಲೋ. ಉಪ್ಪು ತಿಂದೋನು ನೀರು ಕುಡೀಬೇಕು ಅಂತಾರೆ, ನಿನ್ನ ತೊಟ್ಟಿ ಎರಡೂ ಕೆಲ್ಸ ತಾನೇ ಮಾಡ್ತೈತೆ.” ಕೊಳವನ್ನು ಅವನು ಕೊನೆಯವರೆಗೂ ತೊಟ್ಟಿ ಎಂದೇ ಕರೆದ. ಚಡ್ಡಿ ತೊಟ್ಟು, ಸ್ಟೀಲಿನ ಕಂಬಿ ಹಿಡಿದು, ಸೊಂಟದ ಮಟ್ಟದ ನೀರಿನಲ್ಲಿ ಆ ಗೋಡೆಯಿಂದ ಈ ಗೋಡೆಗೆ ನಡೆಯುವಾಗ ಅವನ ಮುಖದ ಮೇಲೆ ಯಾರೋ ತಮಾಷೆ ಹೇಳುತ್ತಿರುವಾಗ ಇರುವಂಥ ನಗು ಇತ್ತು. ಅದನ್ನು ನೋಡುತ್ತ ಕುಳಿತ ರಘುನಾಥನಿಗೆ, ಇಷ್ಟೆಲ್ಲ ಓದಿದ್ದು, ನೌಕರಿ ಮಾಡಿದ್ದು, ಮನೆ ಕಟ್ಟಿಸಿದ್ದು ಈ ಒಂದು ನಗು ನೋಡುವುದಕ್ಕೇ ಇರಬೇಕು ಎಂದು ಅನ್ನಿಸಿತ್ತು. ಅನ್ನಿಸಿದ್ದು ಮೊದಲ ದಿನ.

ಮೂರನೇ ದಿನ ಬೆಳಿಗ್ಗೆ ಅಣ್ಣ ಮೊಣಕಾಲಿಗೆ ಹರಳೆಣ್ಣೆ ತಿಕ್ಕಿಕೊಂಡು ಇಳಿದ. ಅತ್ತಿಗೆ ಉಡಚಮ್ಮ ಸೀಸೆಯಲ್ಲಿ ತುಂಬಿ ಕಳಿಸಿದ್ದ, ಮನೆಯಲ್ಲೇ ಕಾಯಿಸಿದ ಎಣ್ಣೆ. ಅವನು ನಡೆದಾಡಿ ಎದ್ದು ಬಂದು ಮೆಟ್ಟಿಲ ಮೇಲೆ ಕುಳಿತು ಟವೆಲಿನಿಂದ ತಲೆ ಒರೆಸಿಕೊಳ್ಳುತ್ತಿದ್ದಾಗ ನೀರಿನ ಮೇಲೆ ಎಣ್ಣೆಯ ಪೊರೆ ಬಿಸಿಲಿಗೆ ಬಣ್ಣಬಣ್ಣವಾಗಿ ಹರಡುತ್ತಿತ್ತು. ರಘುನಾಥ ಎದ್ದ. ನಾಲ್ಕು ಹೆಜ್ಜೆ ಹೋಗಿ ಪಂಪಿನ ಗೂಡಿನ ಗೋಡೆಗಿದ್ದ ಪೆಟ್ಟಿಗೆಯ ಬಾಗಿಲು ತೆಗೆದು ಬೂಸ್ಟ್ ಗುಂಡಿ ಒತ್ತಿದ. ಒತ್ತಿದರೆ ಸೆಲ್ಲು ಪೂರ್ತಿ ಜೋರಿನಲ್ಲಿ ಕ್ಲೋರಿನ್ ಮಾಡುತ್ತದೆ; ಪಂಪಿನ ಸದ್ದು ಏರುತ್ತದೆ, ಕೆಂಪು ದೀಪ ಹತ್ತುತ್ತದೆ. ಅಷ್ಟೇ ನಡೆದದ್ದು. ಯಾರೂ ಯಾರನ್ನೂ ಬೈಯಲಿಲ್ಲ. ಸದ್ದು ಏರಿದ್ದಕ್ಕೆ ಅಣ್ಣ ತಲೆ ಎತ್ತಿ ನೋಡಿದ.

“ಏನೋ ಅದು ಸದ್ದು?”

“ಏನಿಲ್ಲಣ್ಣ. ನೀರು ಶುದ್ಧ ಮಾಡಾಕೆ.”

“ಈಗ್ಲೇ?”

“ಹೂಂ. ಉಪ್ಪಿಂದ ಶುದ್ಧ ಆಗ್ತೈತೆ ಅಂದ್ನಲ್ಲ.”

ತಿಪ್ಪೇಶಪ್ಪ ಟವೆಲನ್ನು ಮಡಚಿದ. ಅದನ್ನು ಮತ್ತೆ ಬಿಚ್ಚಿ, ತಾನು ಕುಳಿತಿದ್ದ ಮೆಟ್ಟಿಲನ್ನು ಅದರಿಂದಲೇ ಒರೆಸಿದ. “ಒಳ್ಳೇದು,” ಎಂದ. ಮಧ್ಯಾಹ್ನದ ಊಟಕ್ಕೆ ಕುಳಿತಾಗ ಕುರಿಗೆ ಕಾಲುಬಾಯಿ ಬೇನೆ ಬಂದಿದೆಯಂತೆ, ಉಡಚಿ ಒಬ್ಬಳಿಗೇ ಸುಧಾರಿಸಾಕೆ ಆಗಲ್ಲ ಎಂದು ಹೇಳಿ, ಸಂಜೆಯ ಬಸ್ಸಿಗೆ ಹೊರಟೇಬಿಟ್ಟ. ಕಾರಿನಲ್ಲಿ ಬಿಡುತ್ತೇನೆ ಎಂದರೂ ಕೇಳಲಿಲ್ಲ. ಹೊನ್ನಾಳಿಯವರೆಗಾದರೂ ಎಂದರೆ, ಬಸ್ಸು ಮನೆ ಮುಂದೇ ನಿಲ್ತೈತೆ ಕಣೋ ಎಂದ. ಅವನು ಹೋದ ಮೇಲೆ ಯಶೋಧರಾ ರಾತ್ರಿ ಊಟದ ತಟ್ಟೆಗಳನ್ನು ಎತ್ತುತ್ತ, ತಲೆ ಎತ್ತದೆ, “ಹೋದ ತಿಂಗ್ಳು ಮಹೇಶ್ವರಪ್ಪನೋರು ಬಂದಿದ್ರಲ್ಲ, ಆವಾಗ ಒತ್ತಿದ್ರಾ?” ಎಂದಷ್ಟೇ ಕೇಳಿದಳು. ಕೇಳಿ, ತಟ್ಟೆಗಳನ್ನು ಹಿಡಿದು ಒಳಗೆ ಹೋದಳು.

ಮಹೇಶ್ವರಪ್ಪ ಇಲಾಖೆಯಲ್ಲಿ ಅವನ ಮೇಲಧಿಕಾರಿಯಾಗಿದ್ದವರು. ಮೊಮ್ಮಕ್ಕಳನ್ನು ಕಟ್ಟಿಕೊಂಡು ಬಂದು ಅರ್ಧ ದಿನ ಕೊಳದಲ್ಲಿ ಬಿಟ್ಟಿದ್ದರು. ಮಕ್ಕಳು ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆಯ ಸಮೇತ ಮುಳುಗಿದವು, ದಂಡೆಯಲ್ಲಿ ಕುಳಿತು ಮಂಡಕ್ಕಿ ತಿಂದವು, ತಿಂದದ್ದಕ್ಕಿಂತ ಹೆಚ್ಚು ನೀರಿಗೆ ಚೆಲ್ಲಿದವು. ರಘುನಾಥ ಉದ್ದ ಕೋಲಿನ ಬಲೆ ಹಿಡಿದು ನೀರಿನ ಮೇಲಿನ ಮಂಡಕ್ಕಿಯನ್ನು ನಗುನಗುತ್ತ ಗೋರಿದ್ದ. ಮಹೇಶ್ವರಪ್ಪನವರು ತಾವೂ ಪ್ಯಾಂಟು ಮಡಚಿ ಕಾಲು ಇಳಿಬಿಟ್ಟು, “ನೀರು ಭಾರಿ ಚಂದ ಇಟ್ಟೀರಿ ರಘುನಾಥ್” ಎಂದಾಗ ಅವನ ಎದೆ ಉಬ್ಬಿತ್ತು. ಅವರು ಇಳಿದರಲ್ಲ, ತನ್ನ ಮನೆಯ ನೀರಿಗೆ ಇಳಿದರಲ್ಲ ಎಂಬ ಹೆಮ್ಮೆಯಲ್ಲಿ ಆ ರಾತ್ರಿ ನಿದ್ದೆಯೇ ಹತ್ತಿರಲಿಲ್ಲ. ಪೆಟ್ಟಿಗೆಯ ಬಾಗಿಲನ್ನು ತೆಗೆಯುವ ಯೋಚನೆ ಅವತ್ತು ತಲೆಯ ಹತ್ತಿರವೂ ಸುಳಿದಿರಲಿಲ್ಲ.

ಬಕೀಟಿನ ಸದ್ದು ನಿಂತಿತ್ತು. ಸೆಲ್ಲನ್ನು ಎತ್ತಿ ಪೈಪಿನ ನೀರಿನಲ್ಲಿ ತೊಳೆದ. ತಗಡುಗಳು ಹೊಸದರಂತೆ ಹೊಳೆದವು. ಮತ್ತೆ ಅದರ ಜಾಗಕ್ಕೆ ಕೂರಿಸಿ, ತಿರುಪು ಬಿಗಿದು, ಪಂಪು ಹಾಕಿದ. ಉಪ್ಪು ಕಡಿಮೆಯಿದೆ ಎಂದು ದೀಪ ಮಿಣುಕುತ್ತಿದ್ದುದರಿಂದ ಒಂದು ಚೀಲ ಬಿಚ್ಚಿ ಕೊಳದ ಅಂಚಿನ ಉದ್ದಕ್ಕೂ ಸುರಿದ. ಹರಳುಗಳು ನೀರಿನ ತಳಕ್ಕಿಳಿದು ಸ್ವಲ್ಪ ಹೊತ್ತು ಬೆಳ್ಳಗೆ ಕಂಡು, ಉದ್ದ ಕೋಲಿನ ಪೊರಕೆಯಿಂದ ತಳ್ಳಿದ ಹಾಗೆಲ್ಲ ಕರಗುತ್ತ ಹೋದವು. ಚಿಕ್ಕಂದಿನಲ್ಲಿ ಅವ್ವನ ಜೊತೆ ಅಂಗಡಿಗೆ ಹೋದಾಗ ಅಂಗಡಿಯವನು ಉಪ್ಪಿನ ಪೊಟ್ಟಣವನ್ನು ಕೈಗೆ ಕೊಡದೆ ಮೆಟ್ಟಿಲ ಮೇಲಿಡುತ್ತಿದ್ದ. ಯಾಕವ್ವ ಎಂದದ್ದಕ್ಕೆ, ಉಪ್ಪು ಯಾರೂ ಯಾರ ಕೈಗೂ ಕೊಡಬಾರದು ಮಗ, ಜಗಳ ಆಗ್ತೈತೆ ಎಂದಿದ್ದಳು. ಅದೇನೋ ನಿಜವೇ; ಯಾರ ಮನೆಯಲ್ಲೂ ಉಪ್ಪನ್ನು ಕೆಳಗಿಟ್ಟೇ ಕೊಡುತ್ತಾರೆ. ಆದರೆ ಅಂಗಡಿಯವನು ಬೆಲ್ಲವನ್ನೂ ಮೆಟ್ಟಿಲ ಮೇಲೇ ಇಡುತ್ತಿದ್ದ, ಬೆಂಕಿಪೊಟ್ಟಣವನ್ನೂ. ಬೆಲ್ಲಕ್ಕೂ ಜಗಳ ಆಗ್ತೈತಾ ಎಂದು ಅವನು ಕೇಳಿದಾಗ ಅವ್ವ ಏನಂದಳೋ ನೆನಪಿಲ್ಲ. ಹಿಂದಿನಿಂದ ಬರುತ್ತಿದ್ದ ಅಣ್ಣ ತಿಪ್ಪೇಶಿ ಅಂದದ್ದು ನೆನಪಿದೆ. “ನಮಗೆ ಎಲ್ಲಾನೂ ಉಪ್ಪೇ ಕಣಲೇ.” ಅಂದು ಅವನು ನಕ್ಕಿದ್ದ, ಅವನು ನಕ್ಕ ಎಂದು ಇವನೂ ನಕ್ಕಿದ್ದ.

ಬಾವಿಯ ಹತ್ತಿರವೂ ಹಾಗೆಯೇ. ಸೇದುವ ಬಾವಿ, ಹಗ್ಗ ಮುಟ್ಟುವ ಹಾಗಿರಲಿಲ್ಲ. ಅವ್ವ ಕೊಡವನ್ನು ಒಂದು ಚಪ್ಪಡಿ ಕಲ್ಲಿನ ಮೇಲಿಟ್ಟು ದೂರ ನಿಲ್ಲಬೇಕು, ಯಾರಾದರೂ ಮನಸ್ಸು ಮಾಡಿದವರು ಮೇಲಿನಿಂದ ಹೊಯ್ಯಬೇಕು. ಕೊಡ ತುಂಬಿ, ಅವ್ವ ಅದನ್ನು ಸೊಂಟಕ್ಕೇರಿಸಿ ತಿರುಗುತ್ತಿದ್ದ ಹಾಗೆ, ಹೊಯ್ದವರು ಇನ್ನೊಂದು ಕೊಡ ಸೇದಿ ಆ ಕಲ್ಲಿನ ಮೇಲೆ ದಬದಬ ಸುರಿಯುತ್ತಿದ್ದರು. ನೀರಿಗೆ ಅಷ್ಟು ಬರವಿದ್ದ ಊರಿನಲ್ಲಿ ಆ ಒಂದು ಕೊಡ ಮಾತ್ರ ಯಾವ ಬೇಸಿಗೆಯಲ್ಲೂ ತಪ್ಪಲಿಲ್ಲ. ತಿಪ್ಪೇಶಿ ತಿರುಗಿ ನೋಡಿ ತಮ್ಮನ ಕಿವಿಯಲ್ಲಿ ಹೇಳುತ್ತಿದ್ದ. “ನೋಡಲೇ, ಕಲ್ಲಿಗೆ ಸ್ನಾನ ಆತು. ಊರಾಗೆ ಅದರಷ್ಟು ಮಡಿವಂತ ಇನ್ನೊಬ್ಬನಿಲ್ಲ.” ಇಬ್ಬರೂ ಕಿಸಿಕಿಸಿ ನಗುತ್ತಿದ್ದರು. ಅವ್ವ ನಗುತ್ತಿರಲಿಲ್ಲ. ಅವ್ವನ ಸೆರಗಿನ ಅಂಚು ತೊಯ್ದು ಮೀನಖಂಡಕ್ಕೆ ಅಂಟಿಕೊಂಡಿದ್ದು ಅವನಿಗೆ ಈಗಲೂ ಕಾಣುತ್ತದೆ. ಆ ನಗುವೇ ತನ್ನನ್ನು ಕಾಪಾಡಿತು ಎಂದು ಅವನು ಎಷ್ಟೋ ಸಲ ಅಂದುಕೊಂಡಿದ್ದ. ಹಾಸ್ಟೆಲಿನಲ್ಲಿ, ಆಫೀಸಿನಲ್ಲಿ, ಕುಡಿಯುವ ನೀರಿನ ಹೂಜಿಯ ಹತ್ತಿರ ತಾನು ಬಂದಾಗ ಮಾತು ನಿಂತ ಕಡೆಯಲ್ಲೆಲ್ಲ ಅಣ್ಣನ ಆ ಮಾತು ನೆನೆದು ಒಳಗೊಳಗೇ ನಕ್ಕು ದಾಟಿದ್ದ. ದೀಕ್ಷೆ ತೆಗೆದುಕೊಂಡು, ಮನೆಯಲ್ಲಿ ಬುದ್ಧನ ಪಟ ಇಟ್ಟು, ವರ್ಷಕ್ಕೊಮ್ಮೆ ಸಭೆಯಲ್ಲಿ, ಮುಟ್ಟಗೊಡದ ಕೆರೆಯ ನೀರನ್ನು ಮುಟ್ಟಿ ಕುಡಿದ ಹೋರಾಟದ ಬಗ್ಗೆ ಭಾಷಣ ಮಾಡಿದ್ದ. ಜನ ಚಪ್ಪಾಳೆ ತಟ್ಟಿದ್ದರು.

ಹೊರಡುವ ಮುಂಚೆ ಅವನು ಪೆಟ್ಟಿಗೆಯ ಬಾಗಿಲು ತೆಗೆದು ಬೂಸ್ಟ್ ಗುಂಡಿಯ ಮೇಲೆ ಕಪ್ಪು ಇನ್ಸುಲೇಶನ್ ಟೇಪು ಅಂಟಿಸಿದ. ಒಂದು ಸುತ್ತು ಸಾಲದೆಂದು ಇನ್ನೊಂದು. ಅಣ್ಣ ಬಂದ ಮೇಲೆ ಏನಾದರೂ ನೆಪದಲ್ಲಿ ಅವನನ್ನು ಇಲ್ಲಿಗೆ ಕರೆತಂದು ಇದು ಕಾಣುವ ಹಾಗೆ ಮಾಡಬೇಕು ಎಂದುಕೊಂಡ. ಹಾಗೆ ಅಂದುಕೊಂಡದ್ದಕ್ಕೆ ನಾಚಿಕೆಯೂ ಆಯಿತು. ಉಡಚಮ್ಮ ಮೊನ್ನೆ ಫೋನಿನಲ್ಲಿ, ಅವರಿಗೆ ಈಗ ಕೋಲಿಲ್ಲದೆ ಹೊಸ್ತಿಲು ದಾಟಾಕಾಗಲ್ಲ ಎಂದು ಯಶೋಧರಾಳ ಹತ್ತಿರ ಹೇಳಿದ್ದಳು. ಇವನ ಹತ್ತಿರ ಅವಳು ಮಾತಾಡಿರಲಿಲ್ಲ. ಅಣ್ಣನನ್ನು ಕರೆತರಬೇಕು, ಅವನು ಇನ್ನೊಮ್ಮೆ ಆ ನೀರಿಗೆ ಇಳಿಯಬೇಕು, ಎದ್ದು ಬರಬೇಕು, ತಾನು ಕುರ್ಚಿಯಿಂದ ಏಳದೆ ಕುಳಿತಿರಬೇಕು. ಆಗುವುದಾದರೆ ಇಷ್ಟು ಆಗಬೇಕು. ಉಳಿದ ಯಾವ ಕ್ಷಮೆಯೂ ತನಗೆ ಬೇಡ ಎಂದು ಅವನಿಗೆ ಅನ್ನಿಸಿತ್ತು.

ಹೊನ್ನಾಳಿ ಸೇತುವೆಯ ಮೇಲೆ ಕಾರು ದಾಟುವಾಗ ಕೆಳಗೆ ತುಂಗಭದ್ರೆ ಮಂದವಾಗಿ ಹರಿಯುತ್ತಿತ್ತು. ದಂಡೆಯಲ್ಲಿ ಬಟ್ಟೆ ಒಗೆಯುವವರು, ಟ್ರ್ಯಾಕ್ಟರು ತೊಳೆಯುವವರು, ಮುಳುಗು ಹಾಕುವವರು. ಗದ್ದೆಗಳು ಮುಗಿದು ದಾವಣಗೆರೆ ದಾಟಿದ ಮೇಲೆ ಹಸಿರು ತೆಳುವಾಗುತ್ತ ಬಂತು. ರಸ್ತೆಯ ಅರ್ಧ ಭಾಗಕ್ಕೆ ಮೆಕ್ಕೆಜೋಳ ಒಣಹಾಕಿದ್ದರು, ಚಕ್ರದ ಕೆಳಗೆ ಕಾಳು ಚಟಪಟ ಎನ್ನುತ್ತಿತ್ತು. ಎಣ್ಣೆ, ಎಂದು ಅವನು ಮತ್ತೆ ಶುರು ಮಾಡಿದ. ಎರಡು ತಿಂಗಳಿಂದ ಅವನು ತನ್ನೊಳಗೆ ನಡೆಸುತ್ತಿದ್ದ ವಿಚಾರಣೆಯಲ್ಲಿ ಎಣ್ಣೆಯೇ ಅವನ ವಕೀಲ. ಎಣ್ಣೆ ಬಿದ್ದರೆ ಯಾರಾದರೂ ಒತ್ತುತ್ತಾರೆ. ಅದು ನಿಯಮ, ಕಂಪನಿಯವನೇ ಹೇಳಿಕೊಟ್ಟದ್ದು. ಆದರೆ ಎಣ್ಣೆ ಇಲ್ಲದ ಮೊದಲ ದಿನ? ಎರಡನೆಯ ದಿನ? ಅಣ್ಣ ಊಟ ಮಾಡಿ ಪಡಸಾಲೆಯಲ್ಲಿ ಅಡ್ಡಾದ ಮೇಲೆ ತಾನು ಹಿತ್ತಲಿಗೆ ಹೋಗಿ, ಬಾಗಿಲು ಸದ್ದಾಗದ ಹಾಗೆ ತೆಗೆದು, ಒತ್ತಿ ಬಂದಿದ್ದೆನಲ್ಲ. ಅದು ಯಾರಿಗೂ ಗೊತ್ತಿಲ್ಲ, ಯಶೋಧರಾಳಿಗೂ. ಮೂರನೆಯ ದಿನ ಮಾಡಿದ ತಪ್ಪೆಂದರೆ ಅಣ್ಣ ಒಳಗೆ ಹೋಗುವವರೆಗೆ ಕಾಯದೆ ಹೋದದ್ದು, ಅಷ್ಟೇ. ಒತ್ತುವಾಗ ಕೈಗೆ ಯಾವ ಯೋಚನೆಯೂ ಇರಲಿಲ್ಲ. ಅವ್ವನಿಗೆ ನೀರು ಹೊಯ್ದು ಕಲ್ಲು ತೊಳೆಯುತ್ತಿದ್ದ ಬಾವಿಯ ಹೆಂಗಸಿಗೂ ಇದ್ದಿರಲಾರದು. ಅವಳ ಕೈಯೂ ಹೀಗೆಯೇ ತಾನಾಗಿ ಹಗ್ಗ ಎಳೆದಿರಬೇಕು. ಅವಳ ಮುಖವನ್ನು ನೆನಪಿಸಿಕೊಳ್ಳಲು ಅವನು ಪ್ರಯತ್ನಪಟ್ಟ. ಬಳೆ ತೊಟ್ಟ ಕೈಗಳಷ್ಟೇ ನೆನಪಿಗೆ ಬಂದವು.

ಜಗಳೂರು ದಾಟಿ ಊರು ತಲುಪಿದಾಗ ಅಣ್ಣ ಮನೆಯಲ್ಲಿರಲಿಲ್ಲ. ಅಂಗಳದಲ್ಲಿ ಶೇಂಗಾ ಬಿಡಿಸುತ್ತಿದ್ದ ಉಡಚಮ್ಮ ಎದ್ದು ಸೆರಗು ಹೊದ್ದುಕೊಂಡಳು. ಅವಳು ಈ ಮನೆಗೆ ಸೊಸೆಯಾಗಿ ಬಂದಾಗ ರಘುನಾಥ ಮೂಗು ಸುರಿಸುವ ಹುಡುಗ; ಅವನ ತಲೆಯ ಹೇನು ಹೆಕ್ಕಿದವಳು, ಎಂಜಿನಿಯರಾದ ಮೇಲೂ ಬಾರೋ ಹೋಗೋ ಎನ್ನುವುದನ್ನು ಬಿಟ್ಟವಳಲ್ಲ.

“ಬರ್ರಿ,” ಎಂದಳು. “ಕುಂದರ್ರಿ. ಬಿಸಿಲಾಗೆ ಬಂದೀರಿ.”

ಅವನು ಚಾಪೆಯ ಮೇಲೆ ಕುಳಿತುಕೊಳ್ಳಲು ಹೋದಾಗ ಒಳಗಿನಿಂದ ಪ್ಲಾಸ್ಟಿಕ್ ಕುರ್ಚಿ ತಂದು, ಸೆರಗಿನಿಂದ ಒರೆಸಿ ಇಟ್ಟಳು. ಹಳೆಯ ಅತ್ತಿಗೆ ಆಗಿದ್ದರೆ, ಕುರ್ಚಿ ಬೇಕೇನೋ ಸಾಹೇಬಂಗೆ ಎಂದು ಗದರುತ್ತಿದ್ದಳು. ಅವನು ಕೂರಲಿಲ್ಲ.

“ಅಣ್ಣ ಎಲ್ಲಿ ಅತ್ತಿಗೆ?”

“ಗೋಕಟ್ಟೆಗೆ ಹೋಗ್ಯಾರೆ. ದಿನಾ ಹೊತ್ತೇರಿದ ಮ್ಯಾಲೆ ಹೋಗ್ತಾರೆ. ನೀವು ನಡೀರಿ, ನಾನು ಹಿಂದಿಂದ ಬರ್ತೀನಿ.”

ದನಕರು ಕುಡಿಯಲೆಂದು ಊರಾಚೆ ಮಣ್ಣಿನ ಏರಿ ಹಾಕಿ ಮಾಡಿದ ಕಟ್ಟೆ ಅದು. ಹಿಂಗಾರು ಚೆನ್ನಾಗಿ ಆದದ್ದರಿಂದ ಈ ಸಲ ಅರ್ಧ ತುಂಬಿತ್ತು. ನೀರು ಮಣ್ಣಿನ ಬಣ್ಣ, ಅಂಚಿನಲ್ಲಿ ಹಸಿರು. ಆಚೆ ಕಡೆ ಎರಡು ಎಮ್ಮೆಗಳು ಮೂಗು ಮಾತ್ರ ಹೊರಗೆ ಬಿಟ್ಟು ಮಲಗಿದ್ದವು. ಈಚೆ ಕಡೆ ಸೊಂಟದ ಮಟ್ಟ ನೀರಿನಲ್ಲಿ, ಒಂದು ಕೈಯಲ್ಲಿ ಕೋಲು ಊರಿಕೊಂಡು, ತಿಪ್ಪೇಶಪ್ಪ ಹೋಗಿ ಬಂದು ಮಾಡುತ್ತಿದ್ದ. ದಂಡೆಯಲ್ಲಿ ಅವನ ನಾಲ್ಕೈದು ಕುರಿ ನೀರು ಕುಡಿಯುತ್ತಿದ್ದವು. ಕುರಿಗಳಿಗೆ ಬೇನೆಯ ಗುರುತೇನೂ ಇರಲಿಲ್ಲ.

“ಬಂದ್ಯಾ,” ಎಂದ ಅಣ್ಣ, ನಿಲ್ಲದೆಯೇ. “ಇಳಿ. ನಿನ್ನಂಗೆ ನಾನೂ ಒಂದು ತೊಟ್ಟಿ ಇಟ್ಕಂಡೀನಿ ನೋಡು. ಪಂಪು ಇಲ್ಲ, ಕರೆಂಟು ಇಲ್ಲ.”

ರಘುನಾಥ ಚಪ್ಪಲಿ ಬಿಟ್ಟು, ಪ್ಯಾಂಟು ಮೊಣಕಾಲವರೆಗೆ ಮಡಚಿ, ದಂಡೆಯ ಒಂದು ಚಪ್ಪಡಿ ಕಲ್ಲಿನ ಮೇಲೆ ನಿಂತ. ನೀರು ನೋಡಿದಾಕ್ಷಣ ಕಣ್ಣು ತಾನಾಗಿ ಅದರ ಬಣ್ಣ, ಪಾಚಿ, ಎಮ್ಮೆ, ಕುರಿಯ ಹಿಕ್ಕೆಗಳ ಲೆಕ್ಕ ಹಾಕಿತು. ಅದನ್ನು ಅಲ್ಲಿಗೇ ನಿಲ್ಲಿಸಿ ಅವನು ಇಳಿದೇಬಿಟ್ಟ. ಕೆಸರು ಬೆರಳ ಸಂದಿಯಿಂದ ಮೇಲೆ ಬಂದು ಪಾದವನ್ನು ಮುಚ್ಚಿತು, ಬೆಚ್ಚಗಿತ್ತು. ಅಣ್ಣ ಕೋಲನ್ನು ದಂಡೆಗೆಸೆದು ಇವನ ಭುಜ ಹಿಡಿದ. ಆ ಕೈಯ ಭಾರ ಭುಜದ ಮೇಲೆ ಬಿದ್ದಾಗ ರಘುನಾಥನಿಗೆ ತಾನು ಬಂದದ್ದು ಸಾರ್ಥಕ ಎನ್ನಿಸಿತು. ಇಬ್ಬರೂ ಹಾಗೇ ಒಂದಷ್ಟು ದೂರ ನಡೆದರು. ಪ್ಯಾಂಟಿನ ಮಡಿಕೆ ಬಿಚ್ಚಿ ತೊಡೆಯವರೆಗೆ ತೊಯ್ದದ್ದು ಅವನ ಗಮನಕ್ಕೆ ಬರಲಿಲ್ಲ.

“ಮನೆಗೆ ಬಾ ಅಣ್ಣ. ಇಲ್ಲಿ ತಳ ಜಾರ್ತೈತೆ, ಬಿದ್ರೆ ಏನು ಗತಿ? ಬೇಸಿಗೆ ಬಂದ್ರೆ ಇದೂ ಬತ್ತತೈತೆ.”

“ಬತ್ತಿದಾಗ ನೋಡನ.”

“ಕಾಲು ಅಲ್ಲೀವರೆಗೆ ಕೇಳ್ಬೇಕಲ್ಲ.”

“ಇಲ್ಲೇ ಆರಾಮೈತೆ ಕಣೋ. ಎಮ್ಮೆ ಇಳಿತಾವೆ, ಕುರಿ ಇಳಿತಾವೆ, ನಾನೂ ಇಳಿತೀನಿ. ಯಾರು ಎದ್ದೋದ್ರು ಅಂತ ಈ ನೀರು ತಲೆ ಕೆಡಿಸ್ಕಣಲ್ಲ.”

ಅಣ್ಣ ಇದನ್ನು ಮಾಮೂಲಿ ದನಿಯಲ್ಲೇ ಹೇಳಿದ್ದ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ರಘುನಾಥನ ಬಾಯಿಯ ಹತ್ತಿರ ಬಂದು ನಿಂತಿತು. “ಅಣ್ಣ, ಅವತ್ತು ನಾನು—” ಎಂದ.

“ಅವತ್ತಿಂದು ನಂದೇ ತಪ್ಪು ಬಿಡಪ್ಪ,” ಎಂದು ತಿಪ್ಪೇಶಪ್ಪ ನಡುವೆಯೇ ಹೇಳಿದ. ಭುಜದ ಮೇಲಿನ ಕೈ ಎರಡು ಸಲ ತಟ್ಟಿತು. “ಎಣ್ಣೆ ಹಚ್ಕಂಡು ಇಳೀಬಾರ್ದು ಅಂತ ನಂಗೇನು ಗೊತ್ತು. ನೀನು ಅಷ್ಟು ಚಂದ ಇಟ್ಕಂಡಿದ್ದೆ ನೀರು, ನಾನು ಕೆಡಿಸಿಟ್ಟೆ. ನೀನು ಒಳ್ಳೆ ಮಾಡ್ದೆ. ಎಣ್ಣೆಗೆ ತಾನೇ?”

ಎಮ್ಮೆಯೊಂದು ಉಸಿರು ಬಿಟ್ಟ ಸದ್ದು ನೀರಿನ ಮೇಲಿಂದ ಬಂತು. ಅಣ್ಣ ರಘುನಾಥನ ಮುಖವನ್ನೇ ನೋಡುತ್ತಿದ್ದ. ಇಲ್ಲ ಅನ್ನಬೇಕು. ಎಣ್ಣೆ ಇಲ್ಲದ ದಿನವೂ ಒತ್ತಿದೆ ಅನ್ನಬೇಕು. ಅನ್ನುವುದಕ್ಕೇ ಬಂದದ್ದು. ಆದರೆ ಅಣ್ಣನ ಕಣ್ಣಿನಲ್ಲಿ ಒಂದು ಬೇಡಿಕೆ ಇದ್ದ ಹಾಗಿತ್ತು, ಹೂಂ ಅನ್ನು ಎಂಬ ಹಾಗೆ. ಅಥವಾ ಅದು ತನ್ನ ಅನುಕೂಲಕ್ಕೆ ತಾನೇ ಅಲ್ಲಿ ಓದಿದ್ದೋ ಏನೋ.

“ಹೂಂ ಅಣ್ಣ. ಎಣ್ಣೆಗೆ,” ಎಂದ.

“ಅದೇ ಅಂದೆ,” ಎಂದ ಅಣ್ಣ. ಆಮೇಲೆ ಇಬ್ಬರೂ ದಂಡೆಯ ಕಡೆ ತಿರುಗಿದರು. ಭುಜದ ಮೇಲಿನ ಕೈ ಯಾವಾಗ ಇಳಿಯಿತೋ ರಘುನಾಥನಿಗೆ ತಿಳಿಯಲಿಲ್ಲ. ಅಣ್ಣ ಬಾಗಿ ಕೋಲನ್ನು ಎತ್ತಿಕೊಂಡು ಅದನ್ನೂರಿಯೇ ಮೇಲೆ ಹತ್ತಿದ. ಇನ್ನು ಅವನು ಬರುವುದಿಲ್ಲ ಎಂಬುದು ರಘುನಾಥನಿಗೆ ಆಗಲೇ ಗೊತ್ತಾಗಿತ್ತು, ಯಾರೂ ಹೇಳದೆಯೇ.

ಚಪ್ಪಡಿ ಕಲ್ಲಿನ ಮೇಲೆ ಹತ್ತಿ ನಿಂತಾಗ ಅವನ ಪಾದಗಳಿಗೆ ಕೆಸರು ಮೆತ್ತಿತ್ತು, ಹೆಬ್ಬೆರಳಿಗೆ ಪಾಚಿಯ ಎಳೆ ಸುತ್ತಿಕೊಂಡಿತ್ತು. ಕಾಲು ಎಲ್ಲಿ ತೊಳೆಯುವುದು ಎಂದು ಅವನ ಕಣ್ಣು ಅತ್ತಿತ್ತ ಹುಡುಕಿತು. ಹುಡುಕಿದ್ದು ಅವನಿಗೆ ಗೊತ್ತಾದದ್ದು ಉಡಚಮ್ಮನನ್ನು ಕಂಡ ಮೇಲೆ. ಅವಳು ಏರಿಯ ಮೇಲೆ, ತುಂಬಿದ ಬಕೀಟು ಹಿಡಿದು, ಹೆಗಲ ಮೇಲೆ ಒಗೆದು ಮಡಚಿದ ಟವೆಲು ಹಾಕಿಕೊಂಡು, ಬಕೀಟಿನ ಭಾರಕ್ಕೆ ಒಂದು ಕಡೆ ವಾಲಿ ನಡೆದು ಬರುತ್ತಿದ್ದಳು. ಬಂದು ಕಲ್ಲಿನ ಪಕ್ಕದಲ್ಲಿ ಬಕೀಟು ಇಳಿಸಿದಳು. ತಿಳಿಯಾದ ನೀರು, ತಳದಲ್ಲಿ ಬಿಳಿಯದೇನೋ ಇನ್ನೂ ಪೂರ್ತಿ ಕರಗದೆ ತಿರುಗುತ್ತಿತ್ತು.

“ನಲ್ಲಿ ನೀರು,” ಎಂದ ತಿಪ್ಪೇಶಪ್ಪ. “ನೀನು ಬರ್ತೀಯ ಅಂತ ಬೆಳಿಗ್ಗೆ ಯಶೋಧ ಫೋನ್ ಮಾಡಿದ್ಲಲ್ಲ, ಆವಾಗ್ಲೇ ಇವಳಿಗೆ ಹೇಳಿಟ್ಟಿದ್ದೆ. ಕಟ್ಟೆಗೆ ಇಳಿದ್ರೆ ನಿಂಗೆ ಮೈ ಕಡಿತೈತೆ, ಒಂದ್ ಬಕೀಟು ತಾ ಅಂತ. ಒಂದು ಹಿಡಿ ಉಪ್ಪೂ ಹಾಕ್ಸೀನಿ. ನಿಮ್ಮನೆ ನೀರಿನಂಗೆ ಇರ್ಲಿ ಅಂತ.”

ರಘುನಾಥ ಅಣ್ಣನ ಮುಖ ನೋಡಿದ. ಅಲ್ಲಿ ಚುಚ್ಚುವ ನಗು ಇದ್ದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಸಿಟ್ಟಿದ್ದಿದ್ದರೂ ಆಗುತ್ತಿತ್ತು. ಅಲ್ಲಿ ಇದ್ದದ್ದು ಚಿಕ್ಕಂದಿನಲ್ಲಿ ಜ್ವರ ಬಂದಾಗ ಅವನ ಹಣೆ ಮುಟ್ಟಿ ನೋಡುತ್ತಿದ್ದವನ ಮುಖವೇ. ತಾನು ಸೆಲ್ಲನ್ನು ಆಸಿಡ್ಡಿಗೆ ಇಳಿಬಿಟ್ಟು ಸದ್ದು ನಿಲ್ಲುವುದನ್ನು ಕಾಯುತ್ತಿದ್ದ ಹೊತ್ತಿನಲ್ಲಿ ಇಲ್ಲಿ ಈ ಬಕೀಟಿನ ಮಾತು ನಡೆದಿತ್ತು. ಬೇಡ ಅತ್ತಿಗೆ, ಹೀಗೇ ಬರ್ತೀನಿ, ಎಂದು ಹೇಳಬೇಕು ಎಂದು ಅವನು ಬಾಯಿ ತೆರೆದ. ಅಷ್ಟರಲ್ಲಿ ಅವನ ಬಲಗಾಲು ತಾನಾಗಿ ಮುಂದೆ ಚಾಚಿಕೊಂಡಿತ್ತು.

ಉಡಚಮ್ಮ ಚೊಂಬಿನಲ್ಲಿ ನೀರು ಮೊಗೆದು, ಒಂದು ಹೆಜ್ಜೆ ದೂರ ನಿಂತು, ಮೇಲಿನಿಂದ ಹೊಯ್ದಳು. ಹಿಮ್ಮಡಿಯ ಬಿರುಕಿಗೆ ಉಪ್ಪು ಚುರ್ರೆಂದಿತು. ಕೆಸರು ಬಿಟ್ಟುಕೊಂಡು ಬೆಳ್ಳಗೆ ಪಾದ ಕಂಡಿತು. ನೀರು ಚಪ್ಪಡಿಯ ಮೇಲೆಲ್ಲ ಹರಡಿ, ಅಂಚಿನಿಂದ ಇಳಿದು, ಎಮ್ಮೆಗಳು ಮಲಗಿದ್ದ ಕಟ್ಟೆಗೆ ಸೇರಿತು. ತಿಪ್ಪೇಶಪ್ಪ ಅದನ್ನು ನೋಡುತ್ತ ನಿಂತಿದ್ದವನು ಕೋಲಿನ ಮೇಲೆ ಭಾರ ಬಿಟ್ಟು ತಮ್ಮನ ಕಿವಿಯ ಹತ್ತಿರ ಬಾಗಿದ.

“ನೋಡಲೇ,” ಎಂದ, ಹಳೆಯ ದನಿಯಲ್ಲೇ, ಕಿಸಿಕಿಸಿ ನಗುತ್ತ. “ಕಲ್ಲಿಗೆ ಸ್ನಾನ ಆತು.”

ರಘುನಾಥನಿಗೆ ನಗು ಬರಲಿಲ್ಲ. ಉಡಚಮ್ಮ ಎರಡನೆಯ ಚೊಂಬು ಮೊಗೆದು ಹಿಡಿದು ಕಾಯುತ್ತಿದ್ದಳು. ಅವನು ಇನ್ನೊಂದು ಕಾಲು ಚಾಚಿದ.